ಹಾಸ್ಟೆಲ್‌ಗೆ ಹೊರಡುವ ಮೊದಲು ಅಮ್ಮನನ್ನು ಕೇಳಿದ ಪ್ರಶ್ನೆ

ನಮ್ಮ ಮನೆಯಲ್ಲಿ ಮಿಕ್ಸಿ ಹಾಕುವ ಮೊದಲು ಅಮ್ಮ ಒಂದು ಸಲ ಕೂಗುತ್ತಾಳೆ. "ಮಿಕ್ಸಿ ಹಾಕ್ತೀನಿ ಪುಟ್ಟಿ." ಕೂಗಿದ ಮೇಲೆ ಐದಾರು ಸೆಕೆಂಡ್ ಸುಮ್ಮನೆ ನಿಲ್ಲುತ್ತಾಳೆ. ಅಷ್ಟರಲ್ಲಿ ನಾನು ಕಿವಿ ಮುಚ್ಚಿಕೊಂಡಿರುತ್ತೇನೆ, ಇಲ್ಲವೇ ರೂಮಿನ ಬಾಗಿಲು ಹಾಕಿಕೊಂಡಿರುತ್ತೇನೆ. ಆಮೇಲೆ ಸದ್ದು ಶುರುವಾಗುತ್ತದೆ. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಅಂತ ನಾನು 18 ವರ್ಷ ಅಂದುಕೊಂಡಿದ್ದೆ.

ಹಾಸ್ಟೆಲ್‌ನಲ್ಲಿ ಜಾಗ ಸಿಕ್ಕಿದೆ ಅಂತ ಯೂನಿವರ್ಸಿಟಿಯಿಂದ ಪತ್ರ ಬಂದಾಗ ಹೊರಡುವುದಕ್ಕೆ ಇನ್ನೂ 9 ವಾರ ಇತ್ತು. ಅವತ್ತೇ ಕೂತು ಸಾಮಾನಿನ ಪಟ್ಟಿ ಬರೆದೆ. ಬೆಡ್‌ಶೀಟ್, ದಿಂಬು, ಟವೆಲ್, ಬೀಗ, ಚಾರ್ಜರ್. ಪಟ್ಟಿ ಬರೆದರೆ ನನಗೆ ಸಮಾಧಾನ. ಅಕ್ಕ ಅದನ್ನು ಓದಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇದು ಎಲ್ಲರೂ ತಗೊಂಡು ಹೋಗೋ ಸಾಮಾನು ಕಣೇ. ಮಿಕ್ಸಿ ಹಾಕ್ತೀನಿ ಅಂತ ಅಲ್ಲಿ ನಿನಗೆ ಹೇಳೋರು ಯಾರು?" ಅಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಅಮ್ಮನನ್ನು ನೇರವಾಗಿ ಕೇಳಿದೆ. "ಅಮ್ಮಾ, ನನಗೋಸ್ಕರ ಅಂತ ನೀನು ದಿನಾ ಏನೇನು ಮಾಡ್ತೀಯ?"

"ಏನೂ ಇಲ್ಲಪ್ಪ. ಎಲ್ಲಾ ತಾಯಂದಿರು ಮಾಡೋದೇ," ಅಂದಳು ಅಮ್ಮ. ಅವಳು ಸುಳ್ಳು ಹೇಳಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ನನಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು 16ನೇ ವಯಸ್ಸಿನಲ್ಲಿ. ಅಂದರೆ ಸದ್ದು, ಬೆಳಕು, ಜನರ ಜೊತೆಗಿನ ಮಾತುಕತೆ ಇವನ್ನೆಲ್ಲ ನನ್ನ ಮಿದುಳು ಹುಟ್ಟಿನಿಂದಲೇ ಬೇರೆ ಥರ ಗ್ರಹಿಸುತ್ತದೆ. ತುಂಬಾ ಹುಡುಗಿಯರಿಗೆ ಹೀಗೆ ತಡವಾಗಿಯೇ ಗೊತ್ತಾಗುತ್ತದೆ. ಡಾಕ್ಟರ್ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಬಗ್ಗೆ ಬರೆದ ಮೊದಲ ಲೇಖನದಲ್ಲಿ 11 ಮಕ್ಕಳಿದ್ದರು. ಅವರಲ್ಲಿ 8 ಹುಡುಗರು, ಬರೀ 3 ಹುಡುಗಿಯರು. ಆಮೇಲೂ ಎಷ್ಟೋ ದಶಕ ಇದು ಹುಡುಗರಿಗೆ ಬರುವುದು ಅನ್ನುವ ನಂಬಿಕೆಯೇ ಜಾಸ್ತಿ ಇತ್ತು. ಬೇರೆಯವರು ನಗುವುದನ್ನು ನೋಡಿ ತಾವೂ ನಗುವುದು, ಬೇರೆಯವರು ಮಾತಾಡಿದ ಹಾಗೆ ಮಾತಾಡುವುದು, ಕಷ್ಟವನ್ನು ಒಳಗೇ ಇಟ್ಟುಕೊಳ್ಳುವುದು. ಇದಕ್ಕೆ ಮಾಸ್ಕಿಂಗ್ ಅಂತಾರೆ. ಶಾಲೆಯಲ್ಲಿ ನಾನು ದಿನವಿಡೀ ಅದನ್ನೇ ಮಾಡಿ ಮನೆಗೆ ಬಂದು ಕತ್ತಲೆ ರೂಮಿನಲ್ಲಿ ಎರಡು ಗಂಟೆ ಮಲಗುತ್ತಿದ್ದೆ. ಹಾಸ್ಟೆಲ್ ಅಂದರೆ ಆ ಎರಡು ಗಂಟೆ ಇಲ್ಲ. ರೂಮಿನಲ್ಲೂ ಇನ್ನೊಬ್ಬರು ಇರುತ್ತಾರೆ. ನನಗೆ ಭಯ ಆಗಿದ್ದು ಅದಕ್ಕೇ.

ಹಾಗಾಗಿ ಅಮ್ಮನ ಕೈಗೆ ಒಂದು ನೋಟ್‌ಬುಕ್ ಕೊಟ್ಟೆ. "ಒಂದು ವಾರ ನಿನ್ನನ್ನೇ ನೀನು ಗಮನಿಸು. ನಾನು ಇದ್ದೀನಿ ಅನ್ನೋ ಕಾರಣಕ್ಕೆ ಏನಾದರೂ ಬೇರೆ ಥರ ಮಾಡಿದರೆ ಬರೆದಿಡು," ಅಂದೆ.

ಮೊದಲ ದಿನ ಎರಡು ಸಾಲು ಬರೆದಳು. ಮೂರನೇ ದಿನಕ್ಕೆ ಒಂದು ಪುಟ ತುಂಬಿತು. ವಾರದ ಕೊನೆಗೆ ಅಪ್ಪ, ಅಕ್ಕ ಕೂಡ ಬರೆಯತೊಡಗಿದರು. ಒಟ್ಟು 43 ಸಾಲು. ಹೊಸ ಬಟ್ಟೆಯ ಕತ್ತಿನ ಹಿಂದಿನ ಲೇಬಲ್ ಬಿಚ್ಚುವುದು. ಕತ್ತರಿಸಿದರೆ ಚೂರು ಉಳಿದು ಚುಚ್ಚುತ್ತದೆ, ಅದಕ್ಕೇ ಹೊಲಿಗೆಯನ್ನೇ ಬಿಚ್ಚುವುದು. ನೆಂಟರು ಬರುವುದಿದ್ದರೆ ಹಿಂದಿನ ದಿನವೇ ಹೇಳುವುದು, ಎಷ್ಟು ಹೊತ್ತು ಇರುತ್ತಾರೆ ಅನ್ನುವುದನ್ನೂ ಸೇರಿಸಿ. ಸೋಪು ಬದಲಾಯಿಸದೆ ಇರುವುದು. ನಾನು ಓದುವಾಗ ಮಾತಾಡಿಸಬೇಕಾದರೆ ಮೊದಲು ಬಾಗಿಲ ಹತ್ತಿರ ನಿಂತು ನಾನು ತಲೆ ಎತ್ತುವವರೆಗೆ ಕಾಯುವುದು. ಅಪ್ಪ ಬರೆದಿದ್ದ ಒಂದು ಸಾಲು ನನಗೆ ಗೊತ್ತೇ ಇರಲಿಲ್ಲ. "ರಾತ್ರಿ ಬಾತ್‌ರೂಮಿಗೆ ಹೋದರೆ ಫ್ಲಶ್ ಮಾಡದೆ ಮಗ್ಗಿನಲ್ಲಿ ನೀರು ಹಾಕುವುದು." ಎಷ್ಟು ವರ್ಷದಿಂದ ಅಂತ ಕೇಳಿದೆ. "ನೀನು ನಾಲ್ಕು ವರ್ಷದವಳಿದ್ದಾಗಿನಿಂದ," ಅಂದರು.

ಆ ನೋಟ್‌ಬುಕ್ ಹಿಡಿದುಕೊಂಡು ಅತ್ತುಬಿಟ್ಟೆ. ನಾನು ಚೆನ್ನಾಗಿಯೇ ನಿಭಾಯಿಸಿಕೊಂಡು ಬಂದಿದ್ದೇನೆ ಅಂದುಕೊಂಡಿದ್ದೆ. ನಿಜಕ್ಕೂ ಚೆನ್ನಾಗಿ ನಿಭಾಯಿಸಿದ್ದು ನಮ್ಮ ಮನೆ.

ಆಮೇಲಿನ 8 ವಾರ ನನ್ನ ಕೆಲಸ ಒಂದೇ ಆಗಿತ್ತು. ಆ 43 ಸಾಲಿನಲ್ಲಿ ಯಾವುದನ್ನು ನಾನೇ ಮಾಡಿಕೊಳ್ಳಬಹುದು, ಯಾವುದಕ್ಕೆ ಒಂದು ವಸ್ತು ಸಾಕು, ಯಾವುದನ್ನು ಬಾಯಿಬಿಟ್ಟು ಕೇಳಲೇಬೇಕು, ಯಾವುದನ್ನು ಬಿಟ್ಟುಬಿಡಬೇಕು. ಒಂದೊಂದು ಸಾಲಿನ ಮುಂದೆಯೂ ಬರೆಯುತ್ತಾ ಹೋದೆ. ಲೇಬಲ್ ಬಿಚ್ಚುವುದು ಸುಲಭ, ಒಂದು ಸಣ್ಣ ಹೊಲಿಗೆ ಬಿಚ್ಚುವ ಕೊಕ್ಕೆ ಸಾಕು. ಸೋಪು ಆರು ತಿಂಗಳಿಗೆ ಆಗುವಷ್ಟು ಕೊಂಡುಕೊಂಡರೆ ಆಯಿತು. ಸದ್ದು ಮಾತ್ರ ಅಷ್ಟು ಸುಲಭಕ್ಕೆ ಬಗೆಹರಿಯಲಿಲ್ಲ.

ಸದ್ದು ಅಂದರೆ ಒಂದೇ ಥರ ಅಲ್ಲ. ಇದನ್ನು ಅರ್ಥ ಮಾಡಿಕೊಳ್ಳುವುದಕ್ಕೇ ನನಗೆ ಎರಡು ವಾರ ಬೇಕಾಯಿತು. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಒಂದಿದ್ದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಅದು ಫ್ಯಾನು, ಎ.ಸಿ., ಬಸ್ಸಿನ ಇಂಜಿನ್ ಥರದ ಒಂದೇ ಸಮನೆ ಬರುವ ತಗ್ಗು ಸದ್ದನ್ನು ಚೆನ್ನಾಗಿ ಅಳಿಸುತ್ತದೆ. ಹೊರಗಿನ ಸದ್ದಿನ ಅಲೆಗೆ ಸರಿಯಾಗಿ ತಿರುಗುಮುರುಗಾದ ಅಲೆಯನ್ನು ಹುಟ್ಟಿಸಿ ಎರಡೂ ಒಂದನ್ನೊಂದು ಅಳಿಸುವ ಹಾಗೆ ಮಾಡುವುದು ಅದರ ಕೆಲಸ. ಆದರೆ ತಟ್ಟೆ ಬಿದ್ದ ಸದ್ದು, ಬಾಗಿಲು ಧಡಾರ್ ಅಂತ ಹಾಕಿದ ಸದ್ದು, ಕಿರುಚಿ ನಗುವುದು, ಇಂಥವು ಅದನ್ನು ದಾಟಿ ಬರುತ್ತವೆ. ಹಾಸ್ಟೆಲ್ ತುಂಬಾ ಇರುವುದೇ ಇವು. ಇದಕ್ಕೆ ಫೋಮ್ ಇಯರ್‌ಪ್ಲಗ್ ಒಳ್ಳೆಯದು. ಸರಿಯಾಗಿ ಹಾಕಿದರೆ 20ರಿಂದ 30 ಡೆಸಿಬಲ್ ತಗ್ಗುತ್ತದೆ. 10 ಡೆಸಿಬಲ್ ತಗ್ಗಿದರೇ ಕಿವಿಗೆ ಸದ್ದು ಸುಮಾರು ಅರ್ಧ ಆದ ಹಾಗೆ ಕೇಳಿಸುತ್ತದೆ. ಅಂದಮೇಲೆ ಇದು ಸಣ್ಣ ವಿಷಯ ಅಲ್ಲ.

ಆದರೆ ಸರಿಯಾಗಿ ಹಾಕಬೇಕು. ಎಷ್ಟೋ ವರ್ಷ ನಾನು ಅದನ್ನು ಸುಮ್ನೆ ಕಿವಿಗೆ ಒತ್ತಿ ಇದರಿಂದ ಏನೂ ಉಪಯೋಗ ಇಲ್ಲ ಅಂತ ಬಿಸಾಕಿದ್ದೆ. ಮೊದಲು ಬೆರಳುಗಳ ನಡುವೆ ಹೊಸೆದು ಬತ್ತಿಯ ಹಾಗೆ ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡಿಯಬೇಕು. ಆಗ ಒಳಗಿನ ದಾರಿ ನೇರ ಆಗುತ್ತದೆ. ತೂರಿಸಿ ಅರ್ಧ ನಿಮಿಷ ಹಾಗೇ ಬೆರಳಿಟ್ಟು ಹಿಡಿದರೆ ಅದು ಒಳಗೆ ಉಬ್ಬಿಕೊಳ್ಳುತ್ತದೆ. ಮೊದಲ ಸಲ ಸರಿಯಾಗಿ ಕೂತಾಗ ಅಡುಗೆಮನೆಯ ಸದ್ದು ಪಕ್ಕದ ಬೀದಿಗೆ ಹೋದ ಹಾಗೆ ಆಯಿತು.

ಬೆಳಕಿನದು ಇನ್ನೊಂದು ಕಥೆ. ನಮ್ಮ ಮನೆಯಲ್ಲಿ ಟ್ಯೂಬ್‌ಲೈಟ್ ಇಲ್ಲ. ಅದೂ ನನಗೋಸ್ಕರ ತೆಗೆದಿದ್ದು ಅಂತ ನೋಟ್‌ಬುಕ್ ನೋಡಿದ ಮೇಲೇ ಗೊತ್ತಾಗಿದ್ದು. ಹಳೆಯ ಕಾಲದ ಚೋಕ್ ಇರುವ ಟ್ಯೂಬ್‌ಲೈಟ್ ಒಂದೇ ಸಮ ಉರಿಯುವುದಿಲ್ಲ. ಕರೆಂಟು ಸೆಕೆಂಡಿಗೆ 50 ಸಲ ಏರಿಳಿದರೆ ಆ ಟ್ಯೂಬು 100 ಸಲ ಮಿನುಗುತ್ತದೆ. ಕರೆಂಟು 60 ಸಲದ್ದಾದರೆ ಟ್ಯೂಬು 120 ಸಲ. ಜೊತೆಗೆ ಚೋಕು ಗುಂಯ್ ಅನ್ನುತ್ತದೆ. ಹೆಚ್ಚಿನವರಿಗೆ ಎರಡೂ ಗೊತ್ತಾಗುವುದಿಲ್ಲ. ನನಗೆ ಹತ್ತು ನಿಮಿಷಕ್ಕೆ ತಲೆ ಭಾರ, ಅರ್ಧ ಗಂಟೆಗೆ ಓದಿದ ಸಾಲು ತಲೆಗೆ ಹೋಗುವುದಿಲ್ಲ. ಎಲೆಕ್ಟ್ರಾನಿಕ್ ಚೋಕ್ ಇರುವ ಟ್ಯೂಬಾದರೆ ಈ ತೊಂದರೆ ಇಲ್ಲ, ಅದು ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಸಲ ಓಡುತ್ತದೆ. ಅಪ್ಪ ಒಂದು ಉಪಾಯ ಹೇಳಿಕೊಟ್ಟರು. ಫೋನಿನ ಕ್ಯಾಮೆರಾವನ್ನು ಸ್ಲೋ ಮೋಷನ್‌ಗೆ ಹಾಕಿ ದೀಪದ ಕಡೆ ಹಿಡಿದರೆ, ಜೋರಾಗಿ ಮಿನುಗುವ ದೀಪ ಪರದೆಯ ಮೇಲೆ ಪಟಪಟ ಅಂತ ಕಾಣುತ್ತದೆ. ನನ್ನ ಮಾತು ಯಾರೂ ನಂಬದಿದ್ದರೆ ತೋರಿಸುವುದಕ್ಕೆ ಆಗುತ್ತದೆ ಅಲ್ವಾ!

ನಂಬುವ ಮಾತು ಬಂತಲ್ಲ, ಹಾಸ್ಟೆಲ್‌ಗೆ ಬರೆದ ಪತ್ರದ ವಿಷಯ ಹೇಳಿಬಿಡುತ್ತೇನೆ. ಮೊದಲ ಪತ್ರ ನಾನೊಬ್ಬಳೇ ಕೂತು ಬರೆದೆ. ಮೂರು ಪುಟ. ಆಟಿಸಂ ಅಂದರೇನು, ನನ್ನ ಬಾಲ್ಯ ಹೇಗಿತ್ತು, ಸದ್ದು ಯಾಕೆ ಆಗುವುದಿಲ್ಲ, ಎಲ್ಲ. ಎರಡು ವಾರ ಉತ್ತರ ಇಲ್ಲ. ಆಮೇಲೆ ಎರಡು ಸಾಲಿನ ಉತ್ತರ ಬಂತು. ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಒಂದೇ ನಿಯಮ, ಹೊಂದಿಕೊಂಡು ಹೋಗುವುದನ್ನು ಕಲಿಯಿರಿ ಅಂತ. ಅದನ್ನು ಓದಿ ಎರಡು ದಿನ ನನಗೆ ಮಾತೇ ಹೊರಡಲಿಲ್ಲ. ಶಟ್‌ಡೌನ್ ಅನ್ನುವುದು ಇದಕ್ಕೇ. ಮಾತಾಡಬೇಕು ಅಂತ ಇರುತ್ತದೆ, ಬಾಯಿಗೆ ಬರುವುದಿಲ್ಲ.

ಎರಡನೇ ಪತ್ರಕ್ಕೆ ಅಕ್ಕ ಜೊತೆಗೆ ಕೂತಳು. "ನೀನು ಏನು ಅಂತ ಹೇಳಿದೀಯ, ನಿನಗೆ ಏನು ಬೇಕು ಅಂತ ಹೇಳೇ ಇಲ್ಲ," ಅಂದಳು. ನಿಜ. ಮೂರು ಪುಟದಲ್ಲಿ ಒಂದು ಕೋರಿಕೆಯೂ ಇರಲಿಲ್ಲ. ಈ ಸಲ ಅರ್ಧ ಪುಟ ಬರೆದೆವು. ಮೆಟ್ಟಿಲು, ಲಿಫ್ಟ್, ಬಾತ್‌ರೂಮು, ಊಟದ ಹಾಲ್ ಇವುಗಳಿಂದ ದೂರ ಇರುವ ರೂಮು. ಆಗಬಹುದಾದರೆ ಒಬ್ಬರದೇ ರೂಮು, ಆಗದಿದ್ದರೆ ಒಬ್ಬರೇ ರೂಮ್‌ಮೇಟ್. ನನ್ನದೇ ಟೇಬಲ್ ಲ್ಯಾಂಪ್ ಇಟ್ಟುಕೊಳ್ಳಲು ಅನುಮತಿ. ಬೆಂಕಿಯ ಅಲಾರಂ ಅಭ್ಯಾಸ ಇದ್ದರೆ ಮೊದಲೇ ತಿಳಿಸುವುದು. ಎಲ್ಲರೂ ಬರುವ ಹಿಂದಿನ ದಿನ ನಾನು ಬರಲು ಅವಕಾಶ. ಡಾಕ್ಟರ್ ಸರ್ಟಿಫಿಕೇಟ್ ಜೊತೆಗೆ ಹಾಕಿದೆವು. ಎರಡು ಸಾಲು ಮಾತ್ರ ವಿವರಣೆ ಕೊಟ್ಟೆವು. ಸದ್ದು, ಬೆಳಕು, ಸ್ಪರ್ಶ ಅತಿಯಾಗಿ ಅನಿಸುವುದು ಆಟಿಸಂನ ಲಕ್ಷಣಗಳಲ್ಲಿ ಒಂದು ಅಂತ ಡಾಕ್ಟರುಗಳು ಇಂಥದ್ದನ್ನು ಗುರುತಿಸಲು ಬಳಸುವ 2013ರ ಡಿ.ಎಸ್.ಎಂ.-5 ಕೈಪಿಡಿಯಲ್ಲೇ ಇದೆ. ಮತ್ತೆ, ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಮಾಡಿದ ಒಪ್ಪಂದದ 24ನೇ ವಿಧಿಯು ಯೂನಿವರ್ಸಿಟಿ ಓದಿಗೂ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕು ಅನ್ನುತ್ತದೆ.

ಈ ಪತ್ರವನ್ನು ಮೊದಲು ಬರೆದ ಕಡೆಗೆ ಕಳಿಸಲಿಲ್ಲ. ಅಂಗವಿಕಲ ವಿದ್ಯಾರ್ಥಿಗಳಿಗೆ ಅಂತ ಯೂನಿವರ್ಸಿಟಿಯಲ್ಲಿ ಬೇರೆಯೇ ವಿಭಾಗ ಇತ್ತು. ಅಲ್ಲಿಗೆ ಕಳಿಸಿ, ಒಂದು ಪ್ರತಿಯನ್ನು ವಾರ್ಡನ್‌ಗೆ ಹಾಕಿದೆವು. ನಾಲ್ಕೇ ದಿನಕ್ಕೆ ಉತ್ತರ ಬಂತು. ಒಬ್ಬರದೇ ರೂಮು ಸಿಗಲಿಲ್ಲ. ಉಳಿದದ್ದೆಲ್ಲ ಒಪ್ಪಿದ್ದರು. ಇದನ್ನು ಯಾರಾದರೂ ಮಾಡುವುದಿದ್ದರೆ ನನ್ನ ಕಳಕಳಿಯ ಮಾತು ಇಷ್ಟೇ: ಮೊದಲ ದಿನವೇ ಆ ವಿಭಾಗ ಇದೆಯಾ ಅಂತ ಕೇಳಿ. ನಾನು ಮೂರು ವಾರ ಸುಮ್ಮನೆ ಕಳೆದುಕೊಂಡೆ.

ರೂಮಿನ ನಂಬರು ಗೊತ್ತಾದ ತಕ್ಷಣ ವಾರ್ಡನ್ ಮೇಡಂಗೆ ಇನ್ನೊಂದು ಕೋರಿಕೆ ಕಳಿಸಿದೆ. ಗೇಟಿನಿಂದ ರೂಮಿನವರೆಗೆ ನಡೆದುಕೊಂಡು ಹೋಗುವ ದಾರಿಯ ವಿಡಿಯೋ ಸಿಗುತ್ತದಾ ಅಂತ. ಅವರು ಬೇರೆ ಯಾರಿಗೂ ಹೇಳದೆ ತಾವೇ ನಡೆದು ತೆಗೆದು ಕಳಿಸಿದರು. ಮೂರೂವರೆ ನಿಮಿಷದ ವಿಡಿಯೋ. ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ಗೋಡೆಯ ಬಣ್ಣ ಬದಲಾಗುತ್ತದೆ, ಬಾಗಿಲ ಚಿಲಕ ಎಡಗಡೆ ಇದೆ, ಕಿಟಕಿಯ ಹೊರಗೆ ಒಂದು ಮರ ಇದೆ. ಹೊರಡುವ ಹೊತ್ತಿಗೆ ಆ ದಾರಿ ನನಗೆ ನಾನು ಎಷ್ಟೋ ಸಲ ನಡೆದ ದಾರಿಯಾಗಿತ್ತು. ಆ ಮೇಡಂಗೆ ನಾನು ಯಾವತ್ತೂ ಋಣಿ.

ಹಾಸಿಗೆಯ ವಿಷಯಕ್ಕೆ ಬರುತ್ತೇನೆ. ನಾನು ಮಲಗುವುದು ಭಾರವಾದ ಹೊದಿಕೆಯ ಕೆಳಗೆ. ಮೈ ಮೇಲೆ ಗಟ್ಟಿಯಾಗಿ ಒತ್ತಡ ಬಿದ್ದರೆ ನನಗೆ ಸಮಾಧಾನ ಆಗುತ್ತದೆ. ರೂಮ್‌ಮೇಟ್ ಇದನ್ನು ನೋಡಿ ಏನಂದುಕೊಳ್ಳುತ್ತಾಳೋ ಅಂತ ಮನೆಯಲ್ಲೇ ಬಿಟ್ಟು ಹೋಗಬೇಕು ಅಂದುಕೊಂಡಿದ್ದೆ. ಮನಸ್ಸು ಬದಲಾಗಿದ್ದು ಟೆಂಪಲ್ ಗ್ರ್ಯಾಂಡಿನ್ ಅವರ ಬಗ್ಗೆ ಓದಿದಾಗ. ಆಟಿಸಂ ಇರುವ ಈಕೆ ಮುಂದೆ ಪ್ರಾಣಿ ವಿಜ್ಞಾನದ ಪ್ರೊಫೆಸರ್ ಆದವರು. 1960ರ ದಶಕದಲ್ಲಿ, ಇನ್ನೂ ವಿದ್ಯಾರ್ಥಿನಿಯಾಗಿದ್ದಾಗ, ನೆಂಟರೊಬ್ಬರ ಫಾರ್ಮಿನಲ್ಲಿ ದನಗಳಿಗೆ ಚುಚ್ಚುಮದ್ದು ಹಾಕುವಾಗ ಎರಡೂ ಕಡೆಯಿಂದ ಒತ್ತಿ ಹಿಡಿಯುವ ಒಂದು ಕಟಕಟೆಯನ್ನು ನೋಡಿದರು. ಅದರೊಳಗೆ ಹೋದ ದನಗಳು ಸ್ವಲ್ಪ ಶಾಂತವಾಗುತ್ತಿದ್ದವು. ತಾನೂ ಅದರಲ್ಲಿ ನಿಂತು ನೋಡಿದರು, ಸಮಾಧಾನ ಆಯಿತು. ಹಾಗಾಗಿ ತನ್ನ ಅಳತೆಗೆ ಒಂದು ಒತ್ತುವ ಯಂತ್ರವನ್ನೇ ಕಟ್ಟಿಕೊಂಡರು. ಅದನ್ನು ನೋಡಿದ ದೊಡ್ಡವರಿಗೆ ಇರಿಸುಮುರಿಸಾಯಿತು, ಬಿಡಿಸಲು ನೋಡಿದರು. ಆಕೆ ಬಿಡಲಿಲ್ಲ. ಅದರ ಬಗ್ಗೆಯೇ ಪ್ರಯೋಗ ಮಾಡಿ ಬರೆದರು. ಆಕೆ ಒಂದು ಯಂತ್ರವನ್ನೇ ಉಳಿಸಿಕೊಂಡರು, ನಾನು ಒಂದು ಹೊದಿಕೆಗೆ ಯಾಕೆ ಹೆದರಬೇಕು? ಇನ್ನೊಂದು ಮಾತನ್ನೂ ಹೇಳಬೇಕು. ಆಟಿಸಂ ಇರುವ ಮಕ್ಕಳ ಮೇಲೆ 2014ರಲ್ಲಿ ನಡೆದ ಅಧ್ಯಯನದಲ್ಲಿ ಭಾರದ ಹೊದಿಕೆಯಿಂದ ನಿದ್ದೆಯ ಹೊತ್ತು ಹೆಚ್ಚಾಗಲಿಲ್ಲ. ಆದರೆ ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ಮಾಮೂಲಿ ಹೊದಿಕೆಗಿಂತ ಅದೇ ಹೆಚ್ಚು ಇಷ್ಟ ಆಯಿತು. ನನ್ನ ಅನುಭವವೂ ಅದೇ. ಜಾಸ್ತಿ ನಿದ್ದೆ ಬರುತ್ತದೆ ಅಂತ ಅಲ್ಲ, ನಿದ್ದೆ ಬರುವವರೆಗಿನ ಹೊತ್ತು ಕಷ್ಟ ಅನಿಸುವುದಿಲ್ಲ.

ಹೊರಡುವುದಕ್ಕೆ 4 ವಾರ ಇದ್ದಾಗ ಚಿಕ್ಕಮ್ಮನ ಮನೆಯಲ್ಲಿ ಮೂರು ರಾತ್ರಿ ಇದ್ದು ಬರುವುದು ಅಂತ ಆಯಿತು. ಹಾಸ್ಟೆಲ್‌ನ ತಾಲೀಮು ಅದು. ಅಮ್ಮ ಜೊತೆಗೆ ಬರುವ ಹಾಗಿಲ್ಲ. ಚಿಕ್ಕಮ್ಮ ನನಗಾಗಿ ಏನೂ ಬದಲಾಯಿಸುವ ಹಾಗಿಲ್ಲ.

ಮೊದಲ ರಾತ್ರಿ ಚೆನ್ನಾಗಿ ಹೋಯಿತು. ಎರಡನೇ ದಿನ ಬೆಳಗ್ಗೆ ಚಿಕ್ಕಮ್ಮ ಮಿಕ್ಸಿ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಕೈಯಲ್ಲಿ ಲೋಟ ಇತ್ತು. ಲೋಟ ಬಿತ್ತು, ಒಡೆಯಿತು, ಮಕ್ಕಳು ಓಡಿ ಬಂದರು, ಎಲ್ಲರೂ ಒಟ್ಟಿಗೆ "ಏನಾಯ್ತು, ಏನಾಯ್ತು" ಅಂದರು. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂತೆ. ಎಷ್ಟು ಹೊತ್ತು ಅಂತ ಆಮೇಲೆ ಚಿಕ್ಕಮ್ಮ ಹೇಳಿದ್ದು, ಮುಕ್ಕಾಲು ಗಂಟೆ. ಹೊರಗಿಂದ ಅವರು ಬಾಗಿಲು ಬಡಿಯುತ್ತಾ ಇದ್ದರು. ಪಾಪ, ಅವರಿಗೆ ಗಾಬರಿ. ಬಾಗಿಲು ಬಡಿದ ಸದ್ದಿಗೆ ನನಗೆ ಇನ್ನೂ ಕಷ್ಟ ಆಗುತ್ತಿತ್ತು. ಅವರಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ.

ಮನೆಗೆ ಫೋನ್ ಮಾಡಿ ವಾಪಸ್ ಕರೆದುಕೊಂಡು ಹೋಗಿ ಅನ್ನಬೇಕು ಅನಿಸಿತು. ಮಾಡಲಿಲ್ಲ. ಸಂಜೆ ಕೂತು ಬರೆದೆ. ತಪ್ಪಿದ್ದು ಎಲ್ಲಿ? ಸದ್ದು ಒಂದು ಕಾರಣ. ಆದರೆ ಅದಕ್ಕಿಂತ ದೊಡ್ಡದು, ಅಂಥ ಹೊತ್ತಿನಲ್ಲಿ ನನಗೆ ಮಾತು ಬರುವುದಿಲ್ಲ, ನನ್ನ ಸುತ್ತ ಇರುವವರಿಗೆ ಏನು ಮಾಡಬೇಕು ಅಂತ ಗೊತ್ತಿರುವುದಿಲ್ಲ. ಮನೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅದಕ್ಕೇ ಅಂಗೈಯಷ್ಟು ದೊಡ್ಡ ಒಂದು ಕಾರ್ಡ್ ಮಾಡಿದೆ. "ನನಗೆ ಆಟಿಸಂ ಇದೆ. ಈಗ ಮಾತಾಡಲು ಆಗುತ್ತಿಲ್ಲ. ನನಗೆ ಅಪಾಯ ಇಲ್ಲ. ಮುಟ್ಟಬೇಡಿ, ಪ್ರಶ್ನೆ ಕೇಳಬೇಡಿ. ದೀಪ ಆರಿಸಿದರೆ ಸಹಾಯ ಆಗುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ನಂತರ ನಾನೇ ಬರುತ್ತೇನೆ." ಹಿಂದಿನ ಬದಿಯಲ್ಲಿ ಅಕ್ಕನ ಫೋನ್ ನಂಬರು. ಒಂದು ಪರ್ಸಿನಲ್ಲಿ, ಒಂದು ಫೋನಿನ ಕವರಿನ ಹಿಂದೆ, ಒಂದು ಮಂಚದ ಪಕ್ಕ. ಮೂರನೇ ರಾತ್ರಿ ಅಲ್ಲೇ ಇದ್ದೆ. ಚಿಕ್ಕಮ್ಮನಿಗೆ ಕಾರ್ಡ್ ತೋರಿಸಿದೆ. ಅವರು ಎರಡು ಸಲ ಓದಿದರು. "ಮೊದಲೇ ಕೊಟ್ಟಿದ್ರೆ ಬಾಗಿಲು ಬಡೀತಾನೇ ಇರ್ಲಿಲ್ಲ ಕಣಮ್ಮ," ಅಂದರು.

ಚಿಕ್ಕಮ್ಮನ ಮನೆಯಲ್ಲಿ ಇನ್ನೊಂದು ಗೊತ್ತಾಯಿತು. ಎರಡನೇ ದಿನ ಮಧ್ಯಾಹ್ನದವರೆಗೆ ನಾನು ಏನೂ ತಿಂದಿರಲಿಲ್ಲ. ಹಸಿವು ನನಗೆ ಹಸಿವಿನ ಹಾಗೆ ಗೊತ್ತಾಗುವುದಿಲ್ಲ. ಸಿಟ್ಟಿನ ಹಾಗೆ, ಚಳಿಯ ಹಾಗೆ ಗೊತ್ತಾಗುತ್ತದೆ. ದೇಹದ ಒಳಗಿನ ಸೂಚನೆಗಳನ್ನು ಓದುವ ಶಕ್ತಿಗೆ ಇಂಟರೊಸೆಪ್ಷನ್ ಅಂತಾರೆ. ಆಟಿಸಂ ಇರುವ ಹಲವರಲ್ಲಿ ಅದು ಬೇರೆ ಥರ ಕೆಲಸ ಮಾಡುತ್ತದೆ. ಮನೆಯಲ್ಲಿ "ಊಟಕ್ಕೆ ಬಾ" ಅಂತ ಕರೆಯುವವರು ಇದ್ದರು. ಇದೂ ನೋಟ್‌ಬುಕ್‌ನಲ್ಲಿ ಬರೆದಿರಲಿಲ್ಲ, ಅಷ್ಟು ಮಾಮೂಲಿ. 44ನೇ ಸಾಲು ಅಂತ ಬರೆದುಕೊಂಡೆ. ಈಗ ಫೋನಿನಲ್ಲಿ ಊಟಕ್ಕೆ ಮೂರು, ನೀರಿಗೆ ನಾಲ್ಕು ಅಲಾರಂ ಇದೆ. ಸದ್ದಿಲ್ಲದೆ ಬರೀ ನಡುಗುವ ಅಲಾರಂ. ಊಟದ ಹಾಲ್ ಬಾಗಿಲು ತೆರೆದ ಮೊದಲ ಹತ್ತು ನಿಮಿಷ ಅಲ್ಲಿ ಯಾರೂ ಇರುವುದಿಲ್ಲ ಅಂತ ವಾರ್ಡನ್ ಮೇಡಂ ಹೇಳಿದ್ದರು. ಅಲಾರಂ ಅದೇ ಹೊತ್ತಿಗೆ ಇಟ್ಟಿದ್ದೇನೆ.

ಬಟ್ಟೆ ಒಗೆಯುವುದನ್ನೂ ಕಲಿಯಬೇಕಿತ್ತು. ನನ್ನ ತಲೆಯಲ್ಲಿ ಅದು ಒಂದು ಕೆಲಸ ಅಲ್ಲ, 11 ಕೆಲಸ. ಯಾವುದೋ ಒಂದು ಹಂತ ಬಿಟ್ಟುಹೋದರೆ ಅಲ್ಲೇ ನಿಂತುಬಿಡುತ್ತೇನೆ. ಹನ್ನೊಂದನ್ನೂ ಬರೆದು ಒಗೆಯುವ ಬಟ್ಟೆಯ ಚೀಲಕ್ಕೇ ಹೊಲಿದುಕೊಂಡೆ. ಆರು ವಾರ ಮನೆಯಲ್ಲೇ ಅಭ್ಯಾಸ ಮಾಡಿದೆ. ಅಷ್ಟೇ, ಅದು ಮುಗಿಯಿತು.

ರೂಮ್‌ಮೇಟ್‌ಗೆ ಏನು ಹೇಳುವುದು ಅನ್ನುವುದು ಕೊನೆಯವರೆಗೂ ತೀರ್ಮಾನ ಆಗಲಿಲ್ಲ. ಅಮ್ಮನ ಮನಸ್ಸಿನಲ್ಲಿ ಹೇಳುವುದು ಬೇಡ ಅಂತ ಇತ್ತು. "ಮೊದಲು ಫ್ರೆಂಡ್ಸ್ ಆಗ್ಲಿ, ಆಮೇಲೆ ಹೇಳಿದ್ರಾಯ್ತು," ಅನ್ನುತ್ತಿದ್ದಳು. ಅವಳ ಭಯ ನನಗೆ ಅರ್ಥವಾಗುತ್ತದೆ. ಆದರೆ ಹೇಳದೆ ಇದ್ದರೆ ಇಪ್ಪತ್ನಾಲ್ಕು ಗಂಟೆಯೂ ಮಾಸ್ಕಿಂಗ್ ಮಾಡಬೇಕು. ಅದು ನನ್ನಿಂದ ಆಗುವುದಿಲ್ಲ ಅಂತ ಚಿಕ್ಕಮ್ಮನ ಮನೆಯಲ್ಲೇ ಗೊತ್ತಾಗಿತ್ತು.

ಈ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟಿದ್ದು ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ ಅವರ ಒಂದು ವಿಚಾರ. ಅವರೂ ಆಟಿಸ್ಟಿಕ್. ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಅವರು 2012ರಲ್ಲಿ ಬರೆದಿದ್ದು, ಅರ್ಥವಾಗದೆ ಇರುವುದು ಎರಡೂ ಕಡೆಗೆ ಅಂತ. 2020ರಲ್ಲಿ ಇದನ್ನು ಪರೀಕ್ಷಿಸಿದ ಒಂದು ಅಧ್ಯಯನವೂ ಬಂತು. ಎಂಟೆಂಟು ಜನರ ಸಾಲು ಮಾಡಿ ಒಬ್ಬರಿಂದ ಒಬ್ಬರಿಗೆ ಒಂದು ಕಥೆ ದಾಟಿಸುವುದು. ಎಲ್ಲರೂ ಆಟಿಸ್ಟಿಕ್ ಇದ್ದ ಸಾಲು, ಯಾರೂ ಆಟಿಸ್ಟಿಕ್ ಅಲ್ಲದ ಸಾಲು, ಎರಡೂ ಕಥೆಯನ್ನು ಒಂದೇ ಥರ ಚೆನ್ನಾಗಿ ದಾಟಿಸಿದವು. ಇಬ್ಬರೂ ಬೆರೆತ ಸಾಲಿನಲ್ಲೇ ಕಥೆ ಜಾಸ್ತಿ ಸೋರಿಹೋಯಿತು. ಅಂದರೆ ನನ್ನ ರೂಮ್‌ಮೇಟ್‌ಗೂ ನಾನು ಸುಲಭಕ್ಕೆ ಅರ್ಥವಾಗುವುದಿಲ್ಲ. ಅವಳಿಗೆ ಊಹೆ ಮಾಡು ಅನ್ನುವುದು ನ್ಯಾಯ ಅಲ್ಲ. ಹೇಳಬೇಕು.

ಅವಳ ನಂಬರನ್ನು, ಅವಳ ಒಪ್ಪಿಗೆ ಕೇಳಿ, ವಾರ್ಡನ್ ಮೇಡಂ ಕೊಟ್ಟರು. ನಾನು ಮೆಸೇಜ್ ಬರೆದೆ. ಐದು ಸಲ ಅಳಿಸಿ ಬರೆದೆ. ಕೊನೆಗೆ ಕಳಿಸಿದ್ದು ಇದು. "ಹಾಯ್, ನಾನು ನಿನ್ನ ರೂಮ್‌ಮೇಟ್. ನನಗೆ ಆಟಿಸಂ ಇದೆ. ಜೋರು ಸದ್ದು ಹಠಾತ್ತಾಗಿ ಬಂದರೆ ಕಷ್ಟ, ಮೊದಲೇ ಹೇಳಿದರೆ ಪರವಾಗಿಲ್ಲ. ನಾನು ಮುಖ ನೋಡಿ ಮಾತಾಡದೆ ಇದ್ದರೆ ಸಿಟ್ಟು ಅಂತ ಅಲ್ಲ. ಕೈಯಲ್ಲಿ ಏನಾದರೂ ತಿರುಗಿಸುತ್ತಾ ಇರುತ್ತೇನೆ, ಅದು ನನಗೆ ಬೇಕು. ನಿನಗೆ ಏನು ಕಷ್ಟ, ಏನು ಇಷ್ಟ ಅಂತ ಹೇಳಿದರೆ ನಾನೂ ಬರೆದಿಟ್ಟುಕೊಳ್ಳುತ್ತೇನೆ."

ಒಂದು ಗಂಟೆ ಉತ್ತರ ಇಲ್ಲ. ಆ ಒಂದು ಗಂಟೆ ನಾನು ಮನೆಯೊಳಗೆ ಹಿಂದೆ ಮುಂದೆ ನಡೆದಾಡಿದೆ. ಆಮೇಲೆ ಬಂತು. "ಹೇಳಿದ್ದು ಒಳ್ಳೇದಾಯ್ತು. ನನಗೆ ಕತ್ತಲೆ ಅಂದ್ರೆ ಭಯ, ಸಣ್ಣ ದೀಪ ಹಾಕಿ ಮಲಗ್ತೀನಿ. ಅದು ನಿನಗೆ ಓಕೆನಾ?"

ಇದನ್ನು ನಾನು ಯೋಚನೆಯೇ ಮಾಡಿರಲಿಲ್ಲ. ನನಗೆ ಏನು ಬೇಕು ಅಂತ 8 ವಾರ ಲೆಕ್ಕ ಹಾಕಿದ್ದೆ. ಅವಳಿಗೂ ಒಂದು ಮನೆ ಇರುತ್ತದೆ, ಆ ಮನೆಯೂ ಅವಳಿಗೋಸ್ಕರ ರಾತ್ರಿ ಒಂದು ದೀಪ ಉರಿಸುತ್ತಿರುತ್ತದೆ ಅಂತ ಹೊಳೆದಿರಲಿಲ್ಲ. ಕಣ್ಣಿಗೆ ಕಟ್ಟುವ ಪಟ್ಟಿ ಒಂದನ್ನು ಸಾಮಾನಿಗೆ ಸೇರಿಸಿದೆ. ಓಕೆ ಅಂತ ಬರೆದೆ.

ಎಲ್ಲರಿಗಿಂತ ಒಂದು ದಿನ ಮೊದಲೇ ಹೋದೆವು. ಗೇಟಿನಿಂದ ರೂಮಿನವರೆಗೆ ನಾನೇ ಮುಂದೆ ನಡೆದೆ, ಅಪ್ಪ ಅಮ್ಮ ಹಿಂದೆ. ಎರಡನೇ ಮಹಡಿಯ ತಿರುವಿನಲ್ಲಿ ಗೋಡೆಯ ಬಣ್ಣ ಬದಲಾಯಿತು. ಚಿಲಕ ಎಡಗಡೆಯೇ ಇತ್ತು. ವಿಡಿಯೋದಲ್ಲಿ ಗೊತ್ತಾಗದೆ ಇದ್ದಿದ್ದು ವಾಸನೆ. ಹೊಸದಾಗಿ ಫಿನಾಯಿಲ್ ಹಾಕಿ ಒರೆಸಿದ್ದರು. ಹತ್ತು ನಿಮಿಷ ಹೊರಗೆ ನಿಂತೆ. ಕಿಟಕಿ ತೆರೆದು ಫ್ಯಾನ್ ಹಾಕಿ ಅಪ್ಪ ಕರೆದರು. ಮೊದಲು ಹಾಸಿಗೆ ಮಾಡಿದೆ. ಮನೆಯಿಂದ ಒಗೆಯದೆ ತಂದ ದಿಂಬಿನ ಕವರ್ ಹಾಕಿದೆ. ಅದರಲ್ಲಿ ನಮ್ಮ ಮನೆಯ ವಾಸನೆ ಇತ್ತು. ಭಾರದ ಹೊದಿಕೆ ಹಾಸಿದೆ, ಅಡಗಿಸಲಿಲ್ಲ. ಟೇಬಲ್ ಲ್ಯಾಂಪ್ ಹಚ್ಚಿ, ಟ್ಯೂಬ್‌ಲೈಟ್ ಆರಿಸಿದೆ. ಅಮ್ಮ ಬಾಗಿಲ ಹತ್ತಿರ ನಿಂತು ನಾನು ತಲೆ ಎತ್ತುವವರೆಗೆ ಕಾದಳು. ಆಮೇಲೆ, "ಹೊರಡ್ತೀವಿ ಪುಟ್ಟಿ," ಅಂದಳು.

ಹತ್ತನೇ ದಿನ ಬೆಂಕಿಯ ಅಲಾರಂ ಅಭ್ಯಾಸ ಇತ್ತು. ಇಂಥ ಅಲಾರಂ ಮೂರು ಮೀಟರ್ ದೂರದಲ್ಲೂ 85 ಡೆಸಿಬಲ್‌ನಷ್ಟು ಜೋರು. ವಾರ್ಡನ್ ಮೇಡಂ ಹೇಳಿದ್ದ ಮಾತಿಗೆ ಸರಿಯಾಗಿ ಹಿಂದಿನ ದಿನವೇ ಗಂಟೆ, ನಿಮಿಷ ತಿಳಿಸಿದ್ದರು. ಇಯರ್‌ಪ್ಲಗ್ ಹಾಕಿ, ಮೇಲೆ ಹೆಡ್‌ಫೋನ್ ಹಾಕಿ, ಅಲಾರಂ ಹೊಡೆಯುವ ಎರಡು ನಿಮಿಷ ಮೊದಲು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಆದರೂ ಮೆಟ್ಟಿಲಿನಲ್ಲಿ ಕಾಲು ನಡುಗಿತು. ರೂಮ್‌ಮೇಟ್ ಮುಟ್ಟಲಿಲ್ಲ, ಮಾತಾಡಿಸಲಿಲ್ಲ, ಎರಡು ಮೆಟ್ಟಿಲು ಮುಂದೆ ನಿಧಾನಕ್ಕೆ ಇಳಿದಳು. ಅವಳ ಬೆನ್ನನ್ನು ನೋಡುತ್ತಾ ನಾನೂ ಇಳಿದೆ.

ಆ ಸಂಜೆ ಮನೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಮ್ಮ ಕೇಳಿದಳು, ಅಕ್ಕನಿಗೂ ಫೋನ್ ಕೊಟ್ಟಳು. ಕೊನೆಗೆ ಅಪ್ಪ ಬಂದರು. "ನಿಮ್ಮಮ್ಮ ಇವತ್ತೂ ಕೂಗಿದಳು ನೋಡು," ಅಂದರು.

"ಏನಂತ?"

"ಮಿಕ್ಸಿ ಹಾಕ್ತೀನಿ ಪುಟ್ಟಿ, ಅಂತ. ಕೂಗಿ ಹಾಗೇ ನಿಂತಿದ್ದಳು. ನಾನೇ ಹೋಗಿ ಸ್ವಿಚ್ ಹಾಕಿದೆ."